ಒಂದನೇ ಸರಳು, ಮೂರನೇ ಸರಳು

ಉಜ್ವಲಾಳಿಗೆ ಒಂದು ಕಡೆ ಕೂತು ಗೊತ್ತಿರಲಿಲ್ಲ. ಅವಳ ಅಪ್ಪ ರಾಚಪ್ಪ ರಬಕವಿಯಲ್ಲಿ ಕೈಮಗ್ಗ ನೇಯುವವನು. ಮುಂಜಾನೆ ಮಗ್ಗದ ಕುಣಿಗೆ ಕಾಲು ಇಳಿಬಿಟ್ಟು ಕೂತನೆಂದರೆ ಮಧ್ಯಾಹ್ನದ ರೊಟ್ಟಿಗೆ ಕರೆಯುವ ತನಕ ಏಳುವ ಮನುಷ್ಯನಲ್ಲ. ಅಂಥವನಿಗೆ ಇಂಥ ಮಗಳು ಹೇಗೆ ಹುಟ್ಟಿದಳೋ ಎಂದು ಓಣಿಯವರಿಗೆಲ್ಲ ಸೋಜಿಗ. "ಈಕಿ ಕಾಲಾಗ ಚಕ್ರ ಅದಾವು" ಎಂದು ರಾಚಪ್ಪನೇ ನಗುತ್ತಿದ್ದ. ಮೂವತ್ತಾರು ತುಂಬಿದರೂ ಆ ಚಕ್ರ ನಿಂತಿರಲಿಲ್ಲ. ಈ ಚಳಿಗಾಲದಲ್ಲಂತೂ ಅದು ದಿನ ಬಿಟ್ಟು ದಿನ ಜಮಖಂಡಿಯಿಂದ ತುಬಚಿಯ ಕಡೆಗೇ ಉರುಳುತ್ತಿತ್ತು.

ತುಬಚಿಯ ಹೊರಗೆ ಕಾಲುವೆಯ ಮಗ್ಗುಲಿಗೆ ಜಕ್ಕಪ್ಪನ ಬೆಲ್ಲದ ಗಾಣವಿತ್ತು. ಅವನ ಹಿರಿಯರು ಕುರಿ ಕಾದವರು; ನದಿಯ ನೀರನ್ನು ಪಂಪಿನಿಂದ ಎತ್ತಿ ಕಾಲುವೆಗೆ ಬಿಟ್ಟ ಮೇಲೆ ಇವನು ಕಬ್ಬಿಗೆ ಬಿದ್ದ. ಕಬ್ಬನ್ನು ಕಾರ್ಖಾನೆಗೆ ಕಳಿಸುವುದಕ್ಕಿಂತ ತಾನೇ ಬೆಲ್ಲ ಮಾಡುವುದರಲ್ಲಿ ಅವನಿಗೆ ಹೆಮ್ಮೆ. ಮಡ್ಡಿ ತೆಗೆಯಲು ಬೆಂಡೆ ಗಿಡದ ಲೋಳೆ ಬಿಟ್ಟರೆ ಬೇರೆ ಯಾವ ಪುಡಿಯನ್ನೂ ಅವನು ಕೊಪ್ಪರಿಗೆಯ ಹತ್ತಿರ ಸುಳಿಯಗೊಡುತ್ತಿರಲಿಲ್ಲ. ಬೆಲ್ಲದ ಬಣ್ಣ ತುಸು ಕಪ್ಪಾದರೂ ಚಿಂತೆಯಿಲ್ಲ, ಮನೆದೇವರು ಬೀರಪ್ಪನ ಮುಂದೆ ಇಡುವಾಗ ಕೈ ನಡುಗಬಾರದು ಎನ್ನುವವನು.

ಅವನಿಗಿದ್ದ ತಾಪತ್ರಯ ಒಂದೇ, ಒಲೆಯ ಸರಳುಗಳದ್ದು. ಆಳೆತ್ತರದ ಆ ಒಲೆಯೊಳಗೆ ಹನ್ನೆರಡು ಕಬ್ಬಿಣದ ಸರಳುಗಳನ್ನು ಅಡ್ಡಲಾಗಿ ಜೋಡಿಸಿತ್ತು. ಕಬ್ಬಿನ ಸಿಪ್ಪೆ, ಒಣಗಿದ ಗರಿಯ ರವದಿ ಉರಿಯುವುದು ಅವುಗಳ ಮೇಲೆ. ಗಾಳಿ ಏರುವುದು, ಬೂದಿ ಉದುರುವುದು ಅವುಗಳ ಸಂದಿಯಲ್ಲಿ. ಆ ಕಾವಿಗೆ ಕಬ್ಬಿಣ ಗಾಳಿಯನ್ನು ಕುಡಿದು ಪದರು ಪದರಾಗಿ ಏಳುತ್ತಿತ್ತು, ಉದುರುತ್ತಿತ್ತು, ಹಂಗಾಮು ಮುಗಿಯುವ ಮುಂಚೆಯೇ ಬಾಗಿ ಮುರಿಯುತ್ತಿತ್ತು. ಎರಡು ವರ್ಷದ ಹಿಂದೆ ಕೊಪ್ಪರಿಗೆ ತುಂಬ ಕಬ್ಬಿನ ಹಾಲು ಪಾಕಕ್ಕೆ ಬರುವ ಹೊತ್ತಿನಲ್ಲಿ ಮೂರು ಸರಳು ಒಟ್ಟಿಗೆ ಕುಸಿದು, ಉರಿ ಒಂದೇ ಕಡೆ ಹರಿದು, ಇಡೀ ಪಾಕ ಸೀದು ಹೋಗಿತ್ತು.

ಉಜ್ವಲಾ ಜಮಖಂಡಿಯ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದಳು. ಏಳು ವರ್ಷದಿಂದ ಪಿಎಚ್‌ಡಿಗೆಂದು ಅವಳು ತಿಕ್ಕಿ ತೊಳೆಯುತ್ತಿದ್ದ ವಿಷಯ ಇದೇ: ಸಾದಾ ಉಕ್ಕು ಬೆಂಕಿಯಲ್ಲಿ ಸವೆಯದಂತೆ ಮಾಡುವುದು. ಸರಳುಗಳನ್ನು ಒಂದು ಪೆಟ್ಟಿಗೆಯಲ್ಲಿಟ್ಟು, ಸುತ್ತ ಅಲ್ಯೂಮಿನಿಯಂ ಪುಡಿಯನ್ನೂ ಪಾತ್ರೆಗೆ ಕಲಾಯಿ ಹಾಕುವವರು ಬಳಸುವ ನವಸಾಗರವನ್ನೂ ತುಂಬಿ, ಬಾಯಿಗೆ ಮಣ್ಣು ಮೆತ್ತಿ ಆರು ತಾಸು ಕೆಂಪಗೆ ಕಾಯಿಸಿದರೆ ಅಲ್ಯೂಮಿನಿಯಂ ಕಬ್ಬಿಣದ ಮೈಯೊಳಗೆ ಇಳಿಯುತ್ತದೆ. ಆಮೇಲೆ ಆ ಸರಳು ಬೆಂಕಿಗೆ ಬಿದ್ದಾಗ ಅದರ ಮೈಮೇಲೆ ತೆಳ್ಳಗಿನ ಬಿಗಿಯಾದ ಪೊರೆಯೊಂದು ಕಟ್ಟುತ್ತದೆ. ಗಾಳಿ ಒಳಗೆ ಹೋಗುವುದಿಲ್ಲ. ಅಪ್ಪನಿಗೆ ಇದನ್ನೆಲ್ಲ ವಿವರಿಸಿದಾಗ ರಾಚಪ್ಪ ಒಂದೇ ಮಾತಿನಲ್ಲಿ ಮುಗಿಸಿದ್ದ. "ಹಾಸಿನ ನೂಲಿಗೆ ಗಂಜಿ ಹಚ್ಚಿದಂಗ ಅನ್ನು." ಏಳು ವರ್ಷದ ಓದು ಅಷ್ಟೇ ಆಯಿತಲ್ಲ ಎಂದು ಉಜ್ವಲಾಳಿಗೆ ನಗುವೂ ಬಂತು, ಸಿಟ್ಟೂ ಬಂತು.

ಆದರೆ ಇದು ನಗುವ ಕಾಲವಾಗಿರಲಿಲ್ಲ. ವಿಶ್ವವಿದ್ಯಾಲಯ ಕೊಟ್ಟ ಕಡೆಯ ಗಡುವು ಮಾರ್ಚಿಗೆ ಮುಗಿಯುತ್ತಿತ್ತು. ಅವಳ ಮಾರ್ಗದರ್ಶಕರಾದ ಶಿವಪುತ್ರ ಸರ್ ಮಾತು ಕಡಿಮೆಯ ಮನುಷ್ಯ. "ಲ್ಯಾಬಿನ್ಯಾಗ ನಿಂತದ್ದ ಸಾಕಾಗಿಲ್ಲ ನನಗ. ಖರೆ ಒಲಿಯೊಳಗ ಅರವತ್ತ ದಿವಸ ನಿಲ್ಲಲಿ, ಸಹಿ ಹಾಕತೇನಿ. ಹತ್ತ ದಿವಸಕ್ಕೊಮ್ಮೆ ನೋಡಿ ಬರ್ರಿ, ಸಾಕು" ಎಂದಿದ್ದರು. ಆ ಸಹಿಯಿಲ್ಲದಿದ್ದರೆ ಏಳು ವರ್ಷ ನೀರಿನಲ್ಲಿ ಹೋಮ. ಜಕ್ಕಪ್ಪ ಕೇಳಿದ ಕೂಡಲೇ ಒಪ್ಪಿದ. ಒಲೆಯ ಬಾಯಿಯ ಕಡೆಯಿಂದ ಒಂದು, ಮೂರು, ಐದು ಹೀಗೆ ಆರು ಸರಳು ಅವಳವು. ಎರಡು, ನಾಲ್ಕು, ಆರು ಹೀಗೆ ಆರು ಸಾದಾ ಸರಳು, ಹೋಲಿಸಿ ನೋಡಲು.

ಹತ್ತು ದಿನಕ್ಕೊಮ್ಮೆ ಎಂದು ಹೇಳಿದ್ದನ್ನು ಉಜ್ವಲಾ ಕಿವಿಗೇ ಹಾಕಿಕೊಳ್ಳಲಿಲ್ಲ. ಕಾಲೇಜು ಬಿಟ್ಟ ಕೂಡಲೇ ಸ್ಕೂಟಿ ಹತ್ತುತ್ತಿದ್ದಳು. ಒಂದು ಪಾಕ ಇಳಿದು ಇನ್ನೊಂದು ಏರುವ ನಡುವೆ ಬೂದಿ ಎಳೆಯುತ್ತಾರಲ್ಲ, ಆ ಹೊತ್ತಿಗೆ ಸರಿಯಾಗಿ ಗಾಣ ಮುಟ್ಟಿ, ಬೂದಿಕುಣಿಯ ಬಾಯಿಗೆ ಮಂಡಿಯೂರಿ, ಉದ್ದ ಹಿಡಿಕೆಯ ಕನ್ನಡಿಯನ್ನು ಒಳಗೆ ಚಾಚಿ, ಕೆಂಪಗೆ ಕಾದ ಸರಳುಗಳ ಹೊಟ್ಟೆಯನ್ನು ಕೆಳಗಿನಿಂದ ನೋಡುತ್ತಿದ್ದಳು. ಫೋಟೊ ತೆಗೆಯುತ್ತಿದ್ದಳು. ವಹಿಯಲ್ಲಿ ತಾರೀಕು ಹಾಕಿ ಬರೆಯುತ್ತಿದ್ದಳು. ಮತ್ತೆ ಬಗ್ಗಿ ನೋಡುತ್ತಿದ್ದಳು.

ಜಕ್ಕಪ್ಪನ ಹೆಂಡತಿ ತಂಗೆವ್ವ ಚಹಾ ಹಿಡಿದುಕೊಂಡು ಪಕ್ಕದಲ್ಲೇ ನಿಂತಿರುತ್ತಿದ್ದಳು. "ಹಂಗ ಒಂದ ಸಮ ದಿಟ್ಟಿಸಬ್ಯಾಡ ನನ ಯವ್ವಾ" ಎನ್ನುತ್ತಿದ್ದಳು. "ಮನ್ನೆ ನೋಡಿ ಹ್ವಾದಿ, ಇವತ್ತ ಮತ್ತ ಬಂದಿ. ಎರಡ ದಿನಕ್ಕ ಏನ ಆಗತೈತಿ ಅವಕ್ಕ?"

"ಏನೂ ಆಗಬಾರದು, ಅದಕ್ಕ ನೋಡಾಕತ್ತೇನಿ" ಎಂದು ಉಜ್ವಲಾ ಚಹಾ ಗುಟುಕರಿಸಿ, ಕಪ್ಪು ಕೆಳಗಿಟ್ಟು, ಮತ್ತೆ ಬಗ್ಗುತ್ತಿದ್ದಳು. ತಂಗೆವ್ವ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಏನನ್ನೋ ಯೋಚಿಸುತ್ತ ಒಳಗೆ ಹೋಗುತ್ತಿದ್ದಳು. ಆ ಯೋಚನೆ ಏನಿರಬಹುದು ಎಂದು ಕೇಳುವಷ್ಟು ಪುರಸೊತ್ತು ಉಜ್ವಲಾಳಿಗೆಲ್ಲಿತ್ತು?

ಮೂವತ್ತೆಂಟನೆಯ ದಿನ ಕನ್ನಡಿಯಲ್ಲಿ ಕಂಡದ್ದೇ ಬೇರೆ. ಒಂದನೆಯ ಸರಳಿನ ಮೈ ಸುಟ್ಟ ರೊಟ್ಟಿಯಂತೆ ಅಲ್ಲಲ್ಲಿ ಉಬ್ಬಿತ್ತು. ಕನ್ನಡಿಯ ಅಂಚಿನಿಂದ ಮುಟ್ಟಿದರೆ ಸಾಕು, ಹಕ್ಕಳೆ ಹಕ್ಕಳೆಯಾಗಿ ಬೂದಿಗೆ ಬಿತ್ತು. ಮೂರನೆಯದೂ ಹಾಗೆಯೇ. ಐದು, ಏಳು, ಒಂಬತ್ತು, ಹನ್ನೊಂದು ಮಾತ್ರ ಹಾಕಿದ ದಿನ ಹೇಗಿದ್ದವೋ ಹಾಗೇ ನುಣ್ಣಗೆ, ಬೂದು ಬಣ್ಣಕ್ಕೆ ಇದ್ದವು. ಒಂದೇ ಪೆಟ್ಟಿಗೆ, ಒಂದೇ ಪುಡಿ, ಒಂದೇ ಕಾವಿನಲ್ಲಿ ಒಟ್ಟಿಗೆ ಬೆಂದ ಸರಳುಗಳು. ನಾಲ್ಕು ನಿಂತಿವೆ, ಎರಡು ಹಾಳಾಗಿವೆ.

ಅಂದಿನಿಂದ ಅವಳ ನಿದ್ದೆ ಕೆಟ್ಟಿತು. ಪಾಠ ಹೇಳುವಾಗ ನಡುವೆಯೇ ಮಾತು ನಿಂತುಹೋಗುತ್ತಿತ್ತು. ಪೆಟ್ಟಿಗೆಯ ಮೂಲೆಯಲ್ಲಿ ಪುಡಿ ಕಡಿಮೆ ಬಿದ್ದಿತ್ತೇ? ನವಸಾಗರಕ್ಕೆ ಪಸೆ ಹತ್ತಿತ್ತೇ? ಮಣ್ಣು ಮೆತ್ತುವಾಗ ಬಿರುಕು ಉಳಿದಿತ್ತೇ? ಅದೇ ಪೆಟ್ಟಿಗೆಯಲ್ಲಿ ಬೆಂದು, ಒಲೆಗೆ ಹಾಕದೆ ಉಳಿದಿದ್ದ ಎರಡು ಹೆಚ್ಚಿನ ಸರಳನ್ನು ಮೂರು ಸಲ ಅಳೆದಳು, ತೂಗಿದಳು, ಅವುಗಳ ತುದಿ ಕೊಯ್ದು ಸೂಕ್ಷ್ಮದರ್ಶಕದ ಕೆಳಗೆ ಇಟ್ಟಳು. ಎಲ್ಲವೂ ಸರಿಯಾಗಿಯೇ ಇತ್ತು. ಸರಿಯಾಗಿದ್ದದ್ದೇ ಅವಳನ್ನು ಹೆಚ್ಚು ಸುಟ್ಟಿತು.

ಶಿವಪುತ್ರ ಸರ್ ಫೋಟೊಗಳನ್ನು ಒಂದೊಂದಾಗಿ ಸರಿಸಿ ನೋಡಿದರು. "ಸೋತ್ರ ಸೋತಿವಿ ಅಂತ ಬರಿಬಹುದು. ಅದಕ್ಕ ನಾಚಿಕಿ ಇಲ್ಲ. ಆದ್ರ ಯಾಕ ಸೋತಿವಿ ಅಂತ ಗೊತ್ತಿಲ್ಲದ ಸೋಲಿಗೆ ನಾ ಸಹಿ ಹಾಕಂಗಿಲ್ಲ. ಕಾರಣಾ ತರ್ರಿ" ಎಂದರು.

ಬೂದಿಯಿಂದ ಆರಿಸಿದ ಹಕ್ಕಳೆಗಳನ್ನು ಉಜ್ವಲಾ ಬೆಳಗಾವಿಯ ಒಂದು ಲ್ಯಾಬಿಗೆ ಕಳಿಸಿದ್ದಳು. ವರದಿ ನಲವತ್ತಮೂರನೆಯ ದಿನ ಮೊಬೈಲಿಗೆ ಬಂತು. ಹಕ್ಕಳೆಯಲ್ಲಿ ಕ್ಲೋರಿನ್ ಇದೆ, ಸೋಡಿಯಂ ಇದೆ. ಒಂದು ಗುಂಜಿಯಲ್ಲ, ಧಾರಾಳವಾಗಿ ಇದೆ. ಕಾಲೇಜಿನ ಮೆಟ್ಟಿಲ ಮೇಲೆ ನಿಂತು ಓದಿದವಳಿಗೆ ತಲೆಗೆ ರಕ್ತ ಏರಿತು. ಎಷ್ಟೋ ಗಾಣಗಳಲ್ಲಿ ಉರುವಲು ಸಾಲದಿದ್ದರೆ ಪ್ಲಾಸ್ಟಿಕ್ಕು, ಹಳೆಯ ಪೈಪು ಉರಿಸುವುದನ್ನು ಅವಳು ಕಂಡಿದ್ದಳು. ಅದರ ಹೊಗೆಯಲ್ಲಿ ಕ್ಲೋರಿನ್ ಇರುತ್ತದೆ. ಬೆಲ್ಲ ಬೆಳ್ಳಗಾಗಲು ಹಾಕುವ ಪುಡಿಯಲ್ಲಿ ಸೋಡಿಯಂ ಇರುತ್ತದೆ. ಅಂದ ಮೇಲೆ ಇನ್ನೇನು? ಆ ಸಂಜೆಯೇ ತುಬಚಿಗೆ ಹೋಗಿ, ಸ್ಕೂಟಿ ನಿಲ್ಲಿಸುವುದಕ್ಕೂ ತಾಳ್ಮೆಯಿಲ್ಲದೆ, ಜಕ್ಕಪ್ಪನ ಮುಂದೆ ಮೊಬೈಲು ಹಿಡಿದಳು.

"ಕಾಕಾ, ಒಲಿಗೆ ಏನ ಹಾಕಾಕತ್ತೀರಿ? ಪ್ಲಾಸ್ಟಿಕ್ ಹಾಕೀರೇನು? ಬೆಲ್ಲಕ್ಕ ಪುಡಿ ಹಾಕಾಕತ್ತೀರೇನು? ಇದರಾಗ ಎಲ್ಲಾ ಬಂದೈತಿ ನೋಡ್ರಿ."

ಜಕ್ಕಪ್ಪ ಅಚ್ಚಿನಿಂದ ಬೆಲ್ಲದ ಪೆಂಟಿ ಬಿಡಿಸುತ್ತಿದ್ದವನು ಕೈ ನಿಲ್ಲಿಸಿದ. ಅವನು ಮೊಬೈಲು ನೋಡಲಿಲ್ಲ, ಅವಳ ಮುಖ ನೋಡಿದ. ಸುತ್ತಲಿನ ಆಳುಗಳೂ ತಿರುಗಿ ನೋಡಿದರು.

"ಬೀರಪ್ಪನ ಆಣಿ, ನನ ಒಲಿಗೆ ಸಿಪ್ಪಿ, ರವದಿ ಬಿಟ್ಟ ಬ್ಯಾರೆ ಹಾಕಿಲ್ಲ. ಬೆಲ್ಲದ ಮಾತ ಬಿಡು." ಅವನ ದನಿ ಏರಲಿಲ್ಲ. ಅಷ್ಟು ದಿನ ತಂಗಿ ಎಂದು ಕರೆಯುತ್ತಿದ್ದವನು ಹೊಸ ಮಾತು ಹಿಡಿದ. "ಮೇಡಮ್ಮಾರ, ನಿಮಗ ಮಾತ ಕೊಟ್ಟೇನಿ. ಹಂಗಾಮ ಮುಗಿಯೂತನಾ ಸರಳ ಅಲ್ಲೆ ಇರತಾವು. ಆದ್ರ ಇನ್ನ ನನ್ನ ಕೂಡ ಮಾತಾಡಬ್ಯಾಡ್ರಿ."

ಮೇಡಮ್ಮಾರ ಎಂಬ ಆ ಒಂದು ಮಾತು ಮನೆಯ ತನಕ ಅವಳ ಬೆನ್ನು ಬಿಡಲಿಲ್ಲ. ಆದರೂ ಅನುಮಾನ ಎಂಬುದು ಹೊಕ್ಕ ಮೇಲೆ ಸುಲಭಕ್ಕೆ ಹೊರಗೆ ಹೋಗುವ ಅತಿಥಿಯಲ್ಲ. ತಾನು ಯಾವಾಗಲೂ ಸಂಜೆ ಹೋಗುತ್ತೇನೆ, ಹಾಕುವುದಿದ್ದರೆ ಮುಂಜಾನೆ ಒಲೆ ಹೊತ್ತಿಸುವಾಗಲೇ ಹಾಕುತ್ತಾರೆ ಎಂದು ಅವಳ ಲೆಕ್ಕ. ಮರುದಿನ ಕೋಳಿ ಕೂಗುವ ಹೊತ್ತಿಗೆ ರಬಕವಿ ಬಿಟ್ಟಳು. ಸ್ಕೂಟಿಯನ್ನು ಕಾಲುವೆಯ ಹತ್ತಿರವೇ ನಿಲ್ಲಿಸಿ, ಸದ್ದಾಗದಂತೆ ನಡೆದು, ಗಾಣದ ಹಿಂದಿನ ಸಿಪ್ಪೆಯ ಬಣವೆಯ ಮರೆಗೆ ನಿಂತಳು. ಇಷ್ಟು ಓದಿ, ಇಷ್ಟು ವಯಸ್ಸಾಗಿ, ಕಳ್ಳರನ್ನು ಹಿಡಿಯುವವಳಂತೆ ಬಣವೆಯ ಹಿಂದೆ ನಿಂತಿದ್ದೇನಲ್ಲ ಎಂದು ನಾಚಿಕೆಯೂ ಆಯಿತು. ಆದರೆ ಕಾಲು ಅಲ್ಲಿಂದ ಕದಲಲಿಲ್ಲ.

ಮೂಡಲು ಬೆಳ್ಳಗಾಗುತ್ತಿತ್ತು. ಆಳು ಒಲೆಗೆ ರವದಿ ತುಂಬಿ ಕಿಡಿ ಹಚ್ಚಿ, ಉರಿ ಹಿಡಿದ ಮೇಲೆ ಕಬ್ಬು ಅರೆಯುವ ಕಡೆಗೆ ಹೋದ. ಪ್ಲಾಸ್ಟಿಕ್ಕಿಲ್ಲ, ಪೈಪಿಲ್ಲ. ಆಗ ಮನೆಯ ಕಡೆಯಿಂದ ತಂಗೆವ್ವ ಬಂದಳು. ಮಿಂದು, ಹಣೆಗೆ ದೇವರ ಅರಿಸಿನ ಭಂಡಾರ ಹಚ್ಚಿಕೊಂಡಿದ್ದಳು. ಸೆರಗಿನ ಮಡಿಲಲ್ಲಿ ಏನನ್ನೋ ತಂದಿದ್ದಳು. ಒಲೆಯ ಬಾಯಿಯ ಮುಂದೆ ನಿಂತು ಮಡಿಲಿಗೆ ಕೈ ಹಾಕಿ ಮುಷ್ಟಿ ತುಂಬಿಕೊಂಡು, ಬಲಕ್ಕೆ ಮೂರು ಸಲ, ಎಡಕ್ಕೆ ಮೂರು ಸಲ ನಿವಾಳಿಸಿದಳು.

"ಹಾದ್ಯಾಗ ಹೋಗವರ ಕಣ್ಣ, ನೀರಿಗೆ ಬಂದವರ ಕಣ್ಣ, ನಮ್ಮವರ ಕಣ್ಣ, ಮಂದಿ ಕಣ್ಣ" ಎನ್ನುತ್ತಿದ್ದವಳು, ಕಡೆಗೆ ದನಿಯನ್ನು ಇನ್ನಷ್ಟು ಮೆತ್ತಗೆ ಮಾಡಿ, "ನಮ್ಮ ರಬಕವಿ ಉಜ್ವಲಾನ ಕಣ್ಣ, ಆಕಿ ಕಣ್ಣ ಆಕಿ ಸರಳಿಗೆ ಬಡಿಬ್ಯಾಡ, ಸುಟ್ಟ ಹೋಗಲಿ" ಎಂದು ಮುಷ್ಟಿಯನ್ನು ಒಲೆಯ ಬಾಯಿಗೆ ಎಸೆದಳು.

ಚಟಚಟ ಎಂದು ಸಿಡಿಯಿತು. ಉಪ್ಪು. ಹರಳುಪ್ಪು, ಜೊತೆಗೆ ನಾಲ್ಕೈದು ಒಣ ಮೆಣಸಿನಕಾಯಿ.

ತಂಗೆವ್ವ ಮೂಗು ಏರಿಸಿ ವಾಸನೆ ಹಿಡಿದಳು. ಏನೂ ಬರಲಿಲ್ಲ ಎಂದು ಕಾಣುತ್ತದೆ. ನಿಟ್ಟುಸಿರು ಬಿಟ್ಟು ಇನ್ನೊಂದು ಮುಷ್ಟಿ ತೆಗೆದಳು. ಅದೂ ಆಯಿತು, ಮತ್ತೊಂದು.

ಉಜ್ವಲಾಳಿಗೆ ಎಲ್ಲವೂ ಒಮ್ಮೆಲೇ ಹೊಳೆಯಿತು. ಸೋಡಿಯಂ, ಕ್ಲೋರಿನ್ ಎರಡೂ ಸೇರಿದರೆ ಏನಾಗುತ್ತದೆ ಎಂದು ಎಂಟನೆಯ ಇಯತ್ತೆಯ ಮಕ್ಕಳೂ ಹೇಳುತ್ತಾರೆ. ಏಳು ವರ್ಷ ಓದಿದ ತಲೆ ಮಾತ್ರ ಒಂದನ್ನು ಪ್ಲಾಸ್ಟಿಕ್ಕಿನಲ್ಲಿ, ಇನ್ನೊಂದನ್ನು ಬೆಲ್ಲದ ಪುಡಿಯಲ್ಲಿ ಹುಡುಕಿತ್ತು. ಆ ಕಾವಿಗೆ ಉಪ್ಪು ಕರಗಿ, ಆವಿಯಾಗಿ, ಅವಳು ಅಷ್ಟು ಕಷ್ಟಪಟ್ಟು ಕಟ್ಟಿದ ಪೊರೆಯನ್ನು ಕೊರೆದು ಒಳಗಿನ ಕಬ್ಬಿಣಕ್ಕೆ ದಾರಿ ಮಾಡಿಕೊಡುತ್ತದೆ. ಬಾಯಿಯಲ್ಲಿ ಎಸೆದದ್ದು ಬಾಯಿಯ ಹತ್ತಿರದ ಸರಳಿಗೇ ಬೀಳುತ್ತದೆ. ಎರಡನೆಯ ಸಾದಾ ಸರಳು ಹನ್ನೆರಡನೆಯದಕ್ಕಿಂತ ಅರ್ಧಕ್ಕರ್ಧ ತೆಳ್ಳಗಾಗಿದ್ದನ್ನೂ ಅವಳು ಕಂಡಿದ್ದಳು. ಸಾದಾದ್ದು ತಾನೇ, ಸವೆಯಲಿ ಬಿಡು ಎಂದು ಬಿಟ್ಟಿದ್ದಳು.

ಬಣವೆಯ ಮರೆಯಿಂದ ಹೊರಗೆ ಬಂದವಳನ್ನು ನೋಡಿ ತಂಗೆವ್ವ ಬೆಚ್ಚಲಿಲ್ಲ. "ಇಷ್ಟ ಮುಂಜಾಲೆ ಬಂದೇನ? ಚಾ ಕುಡದೇನ?" ಎಂದಳು.

"ಕಾಕಿ, ಇದನ್ನ ದಿನಾ ಮಾಡತೀರೇನು?"

"ದಿನಾ ಎಲ್ಲಿ? ನೀ ಬಂದ ನೋಡಿ ಹ್ವಾದ ಮರುದಿನಾ ಅಷ್ಟ." ತಂಗೆವ್ವ ಮುಷ್ಟಿ ಒರೆಸಿಕೊಳ್ಳುತ್ತ, ಮಗಳಿಗೆ ಬುದ್ಧಿ ಹೇಳುವಂತೆ ಹೇಳಿದಳು. "ಎಷ್ಟ ಹೇಳಿದ್ನಿ ನಿನಗ, ದಿಟ್ಟಿಸಬ್ಯಾಡ ಅಂತ? ಕೂಸಿಗೆ ತಾಯಿ ಕಣ್ಣೂ ತಾಕತೈತಿ ಯವ್ವಾ. ನಿನ್ನ ಕಣ್ಣರೆ ಭಾಳ ಜೋರ ಐತಿ. ಮನ್ಯಾಗ ಒಂದ ಹಿಡಿ ಉಪ್ಪು ಮೆಣಸಿನಕಾಯಿ ಸುಟ್ರ ಘಾಟ ಎದ್ದ ಸೀನ ಬರತಾವು, ದೃಷ್ಟಿ ಹ್ವಾತು ಅಂತ ಗೊತ್ತಾಗತೈತಿ. ಇಲ್ಲೆ ಎಷ್ಟ ಹಾಕಿದ್ರೂ ಘಾಟ ಬರವಲ್ದು. ಮೊದಲ ಒಂದ ಹಿಡಿ ಹಾಕತಿದ್ನಿ, ಆಮ್ಯಾಲೆ ಎರಡ ಆತು, ಈಗ ಮೂರ ನಾಕ ಹಿಡಿ. ಆದ್ರೂ ಹೋಗವಲ್ದು."

ಮೆಣಸಿನಕಾಯಿಯ ಘಾಟು ಹೊರಗೆ ಬರುವುದಾದರೂ ಹೇಗೆ? ಅದು ಅಡುಗೆಮನೆಯ ಒಲೆಯಲ್ಲ. ಇಪ್ಪತ್ತೈದು ಅಡಿಯ ಚಿಮಣಿ ಹೊಗೆಯನ್ನು ಸರಕ್ಕನೆ ಮೇಲಕ್ಕೆ ಎಳೆದುಕೊಂಡು ಹೋಗುತ್ತಿತ್ತು. ತಂಗೆವ್ವ ಆ ಎತ್ತರದ ಚಿಮಣಿಯ ಕೆಳಗೆ ನಿಂತು, ಬಾರದ ಸೀನಿಗಾಗಿ ಕಾಯುತ್ತ, ಹಿಡಿಯ ಮೇಲೆ ಹಿಡಿ ಉಪ್ಪು ಎಸೆದಿದ್ದಳು.

ಉಜ್ವಲಾ ಚೀಲದಿಂದ ವಹಿ ತೆಗೆದಳು. ಒಂದೊಂದು ತಾರೀಕೂ ತಾನೇ ಬರೆದದ್ದು. ಶಿವಪುತ್ರ ಸರ್ ಹೇಳಿದಂತೆ ಹೋಗಿದ್ದರೆ ನಾಲ್ಕು ಸಲ ಆಗುತ್ತಿತ್ತು. ಅವಳು ಇಪ್ಪತ್ತೊಂದು ಸಲ ಬಂದಿದ್ದಳು. ಇಪ್ಪತ್ತೊಂದು ಮುಂಜಾವು ಅವಳ ಸರಳುಗಳ ಮೇಲೆ ಉಪ್ಪು ಬಿದ್ದಿತ್ತು. ಅವಳಿಗೆ ನಗು ಬಂತು, ನಗುತ್ತಲೇ ಕಣ್ಣು ತುಂಬಿದವು.

"ಯಾಕವ್ವಾ, ಏನಾತು?"

ಸುಳ್ಳು ಹೇಳಿಬಿಡೋಣ ಎಂದು ಒಂದು ಕ್ಷಣ ಅನಿಸಿತು. ಆದರೆ ಈ ಗಾಣದಲ್ಲಿ ನಿನ್ನೆ ತಾನು ಹೊರಿಸಿದ ಸುಳ್ಳು ಆರೋಪವೇ ಸಾಕಾಗಿತ್ತು. "ಕಾಕಿ, ಉಪ್ಪು ಆ ಕಾವಿನ್ಯಾಗ ಕಬ್ಬಿಣಾ ತಿಂತೈತ್ರಿ. ಆ ಎರಡ ಸರಳ ಅದರಿಂದನ ಹ್ವಾದವು."

ತಂಗೆವ್ವನ ಮುಖ ಬಿಳಿಚಿತು. ಮಡಿಲಲ್ಲಿ ಉಳಿದಿದ್ದ ಉಪ್ಪನ್ನು ನೋಡಿಕೊಂಡಳು. "ಅಂದ್ರ ನಾನ ಕೆಡಿಸಿದ್ನೇನ? ನಿನ್ನ ಏಳ ವರ್ಷದ್ದು?"

"ನೀವಲ್ರಿ. ನಾ ಬಂದ ಬಂದ ಕೆಡಿಸಿದ್ನಿ." ಹೇಳಿದ ಮೇಲೆ ಅದೇ ನಿಜ ಎಂದು ಉಜ್ವಲಾಳಿಗೂ ಖಾತ್ರಿಯಾಯಿತು.

ಇಬ್ಬರೂ ಒಲೆಯ ಕಟ್ಟೆಯ ಮೇಲೆ ಕೂತರು. ಉಜ್ವಲಾ ಒಂದು ಕೈ ಮುಂದೆ ಚಾಚಿ ಬೇಡಿಕೊಂಡಳು: ಉಪ್ಪು ಬಿಡಲಿ, ಇಲ್ಲವೇ ಹೊರಗೆ ಚಹಾದ ಒಲೆಗೆ ಹಾಕಲಿ. ತಂಗೆವ್ವ ತನ್ನದೊಂದು ಕರಾರು ಮುಂದಿಟ್ಟಳು. "ನಾ ಉಪ್ಪು ಬಿಡತೇನಿ. ನೀ ನೋಡೂದ ಬಿಡು. ಒಲಿ ಆರೂತನಾ ಈ ಕಡೆ ಬರಬ್ಯಾಡ. ಕಣ್ಣ ಬೀಳದಿದ್ರ ಉಪ್ಪು ಯಾಕ ಬೇಕ?"

ಇದಕ್ಕಿಂತ ಸಾವಿರ ರೂಪಾಯಿ ದಂಡ ಹಾಕಿದ್ದರೂ ಅವಳಿಗೆ ಹಗುರಾಗುತ್ತಿತ್ತು. ಆದರೂ ತಲೆಯಾಡಿಸಿದಳು.

ಜಕ್ಕಪ್ಪ ಕಬ್ಬಿನ ಗಾಡಿಯ ಹತ್ತಿರ ನಿಂತಿದ್ದ. ಎಲ್ಲವನ್ನೂ ಕೇಳಿಸಿಕೊಂಡಿದ್ದ. ಉಜ್ವಲಾ ಅವನ ಮುಂದೆ ಹೋಗಿ, "ಕಾಕಾ, ನಂದ ತಪ್ಪಾತ್ರಿ. ಮಂದಿ ಮುಂದ ಅನಬಾರದ ಮಾತ ಅಂದ್ನಿ" ಎಂದಳು. ಅವನು ಗಾಡಿಯ ಹಗ್ಗ ಬಿಚ್ಚುತ್ತಲೇ, "ಹೊಸಾ ಸರಳ ಇದ್ರ ಕಳಸ್ರಿ ಮೇಡಮ್ಮಾರ, ಹಾಕತೇನಿ" ಎಂದ. ಅಷ್ಟೇ. ತಪ್ಪನ್ನು ಎಲ್ಲರ ಮುಂದೆ ಮಾಡಿ ಮಾಫಿಯನ್ನು ಮೂಲೆಯಲ್ಲಿ ಕೇಳಿದರೆ ಸಿಗುವುದು ಅಷ್ಟೇ ಎಂದು ಅವಳಿಗೂ ತಿಳಿಯಿತು.

ಶಿವಪುತ್ರ ಸರ್ ಇಡೀ ಕತೆ ಕೇಳಿ, ಏಳು ವರ್ಷದಲ್ಲಿ ಮೊದಲ ಸಲ ಹಲ್ಲು ಕಾಣುವಂತೆ ನಕ್ಕರು. ಆಮೇಲೆ ಹಳೆಯ ಫೋಟೊಗಳನ್ನು ತೆಗೆಸಿ ನೋಡಿದರು. ಇಪ್ಪತ್ತೈದನೆಯ ದಿನದ ಚಿತ್ರದಲ್ಲೇ ಒಂದನೆಯ ಸರಳಿನ ಮೇಲೆ ಸಣ್ಣ ಉಬ್ಬಿತ್ತು. ಬೂದಿ ಎಂದುಕೊಂಡು ಉಜ್ವಲಾ ಬಿಟ್ಟಿದ್ದಳು. "ಹಂಗಿದ್ರ ಲೆಕ್ಕ ಸರಳ ಐತಿ. ಹೊಸಾ ಎರಡ ಸರಳ ಅದ ಜಾಗಾದಾಗ ಇಡಸ್ರಿ. ಉಪ್ಪಿಲ್ಲದ ಇಪ್ಪತ್ತೈದ ದಿವಸ ಉಬ್ಬದ ನಿಂತ್ರ ಕಾರಣಾ ಸಿಕ್ಕಂಗ. ನಿಲ್ಲಲಿಲ್ಲಂದ್ರ ಇಬ್ರೂ ಮನಿಗೆ ಹೋಗೂನು."

ಹೊಸ ಸರಳು ಗಾಣಕ್ಕೆ ಹೋದವು. ಆ ಇಪ್ಪತ್ತೈದು ದಿನ ಉಜ್ವಲಾ ಹೇಗೆ ಕಳೆದಳು ಎಂಬುದನ್ನು ಅವಳ ಮನೆಯವರನ್ನೇ ಕೇಳಬೇಕು. ಸಂಜೆ ಐದಾದರೆ ಸ್ಕೂಟಿಯ ಕೀಲಿ ಕೈಗೆ ಬರುತ್ತಿತ್ತು, ಮತ್ತೆ ಮೊಳೆಗೆ ಹೋಗುತ್ತಿತ್ತು. ಒಮ್ಮೆ ತುಬಚಿಯ ತಿರುವಿನ ತನಕ ಹೋಗಿ, ಅಲ್ಲಿ ಚಹಾ ಕುಡಿದು ವಾಪಸು ಬಂದಳು. ದೂರದಲ್ಲಿ ಚಿಮಣಿಯ ಹೊಗೆ ಕಂಡಾಗ ಮುಖ ತಿರುಗಿಸಿಕೊಂಡಳು. ದೃಷ್ಟಿಯಲ್ಲಿ ತನಗೆ ನಂಬಿಕೆಯಿಲ್ಲ ಎಂದು ತನಗೆ ತಾನೇ ಹೇಳಿಕೊಳ್ಳುತ್ತ ತಿರುಗಿಸಿಕೊಂಡಳು. ಮನೆಯಲ್ಲಿ ಅಪ್ಪನ ಮಗ್ಗದ ಮುಂದೆ ಅತ್ತಿಂದಿತ್ತ ಓಡಾಡುತ್ತಿದ್ದರೆ ರಾಚಪ್ಪ ಲಾಳಿ ಕೈಬಿಡದೆ, "ಹಂಗ ನನ ಮುಂದ ಸುಳದಾಡಿದ್ರ ಸೀರಿ ಲಗೂನ ಮುಗಿತೈತೇನ? ಕುಂದರ ಬಾ, ಕಂಡಿಕಿ ಸುತ್ತು" ಎಂದ. ಕೂತಳು. ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತಿದಳು. ಎರಡು ಕಂಡಿಕೆ ಸುತ್ತುವುದರೊಳಗೆ ಎದ್ದಳು.

ಎರಡನೆಯ ಸರಳು ಮುರಿದು ಬಿದ್ದಿತಂತೆ ಎಂದು ಯಾರಿಂದಲೋ ಕೇಳಿಬಂತು. ಅದರ ಪಕ್ಕದವು ಹೇಗಿವೆ ಎಂದು ಕೇಳಲು ಹೋದ ಬಾಯನ್ನು ಅವಳೇ ಮುಚ್ಚಿಕೊಂಡಳು.

ಇಪ್ಪತ್ತೈದು ದಿನ ತುಂಬಿತು, ಶಿವರಾತ್ರಿಯ ಎರಡು ದಿನ ಮುಂಚೆ ಕಬ್ಬೂ ಮುಗಿಯಿತು. ಜಕ್ಕಪ್ಪನ ಫೋನು ಬಂತು. "ಒಲಿ ಆರೇತಿ. ಬರ್ರಿ ಮೇಡಮ್ಮಾರ." ಹೇಗಿವೆ ಎಂದು ಕೇಳುವ ಮುಂಚೆ ಫೋನು ಇಟ್ಟಿದ್ದ.

ಗಾಣ ಮುಟ್ಟಿದಾಗ ಇಡೀ ಜಾಗ ಬಿಕೋ ಎನ್ನುತ್ತಿತ್ತು. ಕೊಪ್ಪರಿಗೆಯನ್ನು ಕೆಳಗಿಳಿಸಿ ಬೋರಲು ಹಾಕಿದ್ದರು. ಬೂದಿಕುಣಿಯ ಕಡೆ ಓಡಲು ಹೋದವಳನ್ನು ತಂಗೆವ್ವ ರಟ್ಟೆ ಹಿಡಿದು ನಿಲ್ಲಿಸಿದಳು. "ಇಷ್ಟ ದಿನಾ ತಡದಿ, ಇನ್ನೊಂದೀಟ ತಡಿ. ಆ ಕಡೆ ಮುಖಾ ಮಾಡು. ಮೊದಲ ಕೇಳು, ಆಮ್ಯಾಲೆ ನೋಡು."

ಉಜ್ವಲಾ ಕಾಲುವೆಯ ಕಡೆ ಮುಖ ಮಾಡಿ ನಿಂತಳು. ಹಿಂದೆ ಜಕ್ಕಪ್ಪ ಸುತ್ತಿಗೆ ಹಿಡಿದು ಕುಣಿಗೆ ಇಳಿದ ಸದ್ದಾಯಿತು. ಅವನು ಒಳಗಿನ ತುದಿಯಿಂದ ಶುರುಮಾಡಿದ. ಹನ್ನೆರಡನೆಯದು ದೊಪ್ಪೆಂದಿತು, ಹಕ್ಕಳೆ ಸರಸರ ಉದುರಿದ ಸದ್ದು. ಹನ್ನೊಂದನೆಯದು ಠಣ್ ಎಂದಿತು. ಹತ್ತು ದೊಪ್ಪೆಂದಿತು, ಒಂಬತ್ತು ಠಣ್ ಎಂದಿತು. ಅವಳು ಬೆರಳು ಮಡಿಸುತ್ತ ಹೋದಳು. ನಾಲ್ಕನೆಯದು ಬಡಿದ ಏಟಿಗೇ ಎರಡು ತುಂಡಾಗಿ ಬೂದಿಗೆ ಬಿತ್ತು. ಮೂರನೆಯದಕ್ಕೆ ಮುಂಚೆ ಜಕ್ಕಪ್ಪ ಯಾಕೆ ತಡೆದನೋ, ಆ ಎರಡು ಉಸಿರಿನ ಹೊತ್ತು ಅವಳಿಗೆ ಇಪ್ಪತ್ತೈದು ದಿನಕ್ಕಿಂತ ದೊಡ್ಡದಾಯಿತು.

ಠಣ್.

ಎರಡನೆಯದು ಹಿಂದೆಯೇ ಬಿದ್ದು ಹೋಗಿತ್ತು. ಉಳಿದದ್ದು ಒಂದನೆಯದು. ಸದ್ದೇ ಬರಲಿಲ್ಲ. ಅವಳು ಕಾದಳು. ಕಾಲುವೆಯ ನೀರು ಹರಿಯುವುದು ಮಾತ್ರ ಕೇಳಿಸುತ್ತಿತ್ತು.

"ತಂಗಿ" ಎಂದ ಜಕ್ಕಪ್ಪ. "ಬಾ, ಇದನ್ನ ನೀನ ಬಡಿ."

ಅವಳು ತಿರುಗಿದಳು. ಜಕ್ಕಪ್ಪ ಮೊಣಕಾಲ ತನಕ ಬೂದಿ ಮೆತ್ತಿಕೊಂಡು, ಸುತ್ತಿಗೆಯ ಹಿಡಿಕೆಯನ್ನು ಅವಳ ಕಡೆ ಚಾಚಿ ನಿಂತಿದ್ದ. ಉಜ್ವಲಾ ಕುಣಿಗೆ ಇಳಿದು, ಸುತ್ತಿಗೆ ತೆಗೆದುಕೊಂಡು, ಸೀರೆಗೆ ಬೂದಿ ಮೆತ್ತುವುದನ್ನೂ ನೋಡದೆ ಮಂಡಿಯೂರಿ, ಕಣ್ಣು ಮುಚ್ಚಿ ಬಡಿದಳು. ಸರಳು ಒಲೆಯ ಗೋಡೆಗಳೆಲ್ಲ ದನಿಗೂಡುವಂತೆ ಠಣ್ ಎಂದಿತು. ಒಂದು ಹಕ್ಕಳೆಯೂ ಉದುರಲಿಲ್ಲ.

ತಂಗೆವ್ವ ಮೇಲಿನಿಂದ ಬಗ್ಗಿ, "ಆತಲ್ಲ? ಈಗ ಕಣ್ಣ ತುಂಬ ನೋಡಕೊ" ಎಂದಳು.

ಉಜ್ವಲಾ ಬೂದಿಯಲ್ಲೇ ಕಾಲು ಚಾಚಿ ಕೂತು ನೋಡಿದಳು. ಮಧ್ಯಾಹ್ನದ ರೊಟ್ಟಿಗೆ ಕರೆಯುವ ತನಕ ಆ ಕುಣಿಯಿಂದ ಏಳಲಿಲ್ಲ.